ಹಳೆಯ ಪೂಜೆ ಎಂದರೆ ಯಾವ ಕಾಲದ್ದು?

ಮಂಗಳೂರಿನ ಹಿರಿಯ ಕಥೋಲಿಕ ಓದುಗರೊಬ್ಬರು ಖಾರವಾದ ಪತ್ರ ಬರೆದಿದ್ದಾರೆ. ಸಾರ ಇಷ್ಟು: 'ಸಾವಿರದೈನೂರು ವರ್ಷ ಅಲುಗದೆ ನಿಂತಿದ್ದ ಲ್ಯಾಟಿನ್ ಬಲಿಪೂಜೆಯನ್ನು ಎರಡನೇ ವ್ಯಾಟಿಕನ್ ಮಹಾಸಭೆ (1962ರಿಂದ 1965ರವರೆಗೆ ರೋಮಿನಲ್ಲಿ ಸೇರಿದ ಕಥೋಲಿಕ ಧರ್ಮಾಧ್ಯಕ್ಷರ ಸಭೆ) ಕಿತ್ತುಹಾಕಿತು. ಗುರುಗಳನ್ನು ಜನರ ಕಡೆ ತಿರುಗಿಸಿತು. ಬೆಂಗಳೂರಿನವರು ಆರತಿಯನ್ನೂ ತಂದರು, ಇದು ಹಿಂದೂ ಆಯಿತು. ಈಗ ಹಳೆಯ ಪೂಜೆ ಬೇಕೆಂದವರೇ ತಪ್ಪಿತಸ್ಥರು. ನಾವೇನು ಮಾಡಬೇಕು?'

ಮಾನ್ಯರೇ,

ನಿಮ್ಮ ಸಿಟ್ಟಿನಲ್ಲಿ ಅರ್ಧವನ್ನು ಒಪ್ಪುತ್ತೇನೆ, ನೀವು ಹೇಳುವ ಇತಿಹಾಸವನ್ನು ಒಪ್ಪಲಾರೆ.

ಒಪ್ಪುವುದು ಇದು. ಪೂಜಾವಿಧಿಯ ಬಗ್ಗೆ ಮಹಾಸಭೆಯ ದಸ್ತಾವೇಜು ಹೊರಬಂದದ್ದು 1963ರ ಡಿಸೆಂಬರ್ 4ರಂದು. ಪರವಾಗಿ 2,147 ಮತ, ವಿರುದ್ಧ ನಾಲ್ಕೇ ನಾಲ್ಕು. ಮುಂದೆ ಸಂಪ್ರದಾಯವಾದಿಗಳ ಮುಂದಾಳಾದ ಮಹಾಧರ್ಮಾಧ್ಯಕ್ಷ ಮಾರ್ಸೆಲ್ ಲೆಫೆವ್ರ್ ಅವರ ಸಹಿಯೂ ಅದರಲ್ಲಿದೆ. ಲ್ಯಾಟಿನ್ ಉಳಿಯಬೇಕು, ಜನಭಾಷೆಗೂ ಜಾಗ ಕೊಡಬಹುದು ಎನ್ನುತ್ತದೆ ಅದರ 36ನೇ ವಿಧಿ. ಗ್ರೆಗೋರಿಯನ್ ಗಾಯನಕ್ಕೆ (ಲ್ಯಾಟಿನ್ ಪೂಜೆಯ ಸಾಂಪ್ರದಾಯಿಕ ಹಾಡುಗಾರಿಕೆಗೆ) ಮೊದಲ ಮಣೆ ಎನ್ನುತ್ತದೆ 116ನೆಯದು. ಗುರುಗಳು ಜನರತ್ತ ತಿರುಗಬೇಕೆಂದು ಅದರಲ್ಲಿ ಒಂದು ಸಾಲೂ ಇಲ್ಲ. ಆಮೇಲೆ ಧರ್ಮಾಧ್ಯಕ್ಷರ ಮಂಡಳಿಗಳು ಜನಭಾಷೆಗೆ ಇನ್ನಷ್ಟು ಅನುಮತಿಯನ್ನು ಒಂದರ ಹಿಂದೊಂದು ಕೇಳುತ್ತ ಹೋದವು, ರೋಮ್ ಕೊಡುತ್ತ ಹೋಯಿತು. ಇಷ್ಟು ಅವಸರ ಬೇಕಿರಲಿಲ್ಲ ಎಂದು ನನಗೂ ಅನ್ನಿಸುತ್ತದೆ.

ಆದರೆ 'ಅಲುಗದೆ ನಿಂತಿದ್ದ' ಎಂದಿರಲ್ಲ, ಅಲ್ಲೇ ತಕರಾರು. ಪೋಪ್ ಐದನೇ ಪಯಸ್ ಪೂಜಾಗ್ರಂಥವನ್ನು ಏಕರೂಪಕ್ಕೆ ತಂದದ್ದು 1570ರಲ್ಲಿ. ಅವರೂ ಇನ್ನೂರು ವರ್ಷ ಮೀರಿದ ಸ್ಥಳೀಯ ಕ್ರಮಗಳ ತಂಟೆಗೆ ಹೋಗಲಿಲ್ಲ. ಮಿಲಾನಿನ ಅಂಬ್ರೋಸಿಯನ್ ಕ್ರಮ ಇಂದಿಗೂ ನಡೆದಿದೆ. 1955ರಲ್ಲಿ ಹನ್ನೆರಡನೇ ಪಯಸ್ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ವಿಧಿಗಳನ್ನೇ ಹೊಸದಾಗಿ ಜೋಡಿಸಿದರು. 1962ರಲ್ಲಿ ಇಪ್ಪತ್ತಮೂರನೇ ಜಾನ್, ಪೂಜೆಯ ನಡುಭಾಗದ ಮಹಾಪ್ರಾರ್ಥನೆಗೆ ಸಂತ ಜೋಸೆಫರ ಹೆಸರು ಸೇರಿಸಿದರು. ಇಂದು 'ಹಳೆಯ ಪೂಜೆ' ಎನ್ನುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಈ 1962ರ ಪುಸ್ತಕ. ಅದೂ ಕಲಬೆರಕೆ, 1955ಕ್ಕಿಂತ ಹಿಂದಿನದೇ ಬೇಕು ಎನ್ನುವವರೂ ಅವರೊಳಗೇ ಇದ್ದಾರೆ.

ಮಹಾಸಭೆಯ ನಂತರ ಪೂಜೆಯನ್ನು ತಿದ್ದಿದ ಸುಧಾರಕರಾದರೂ ಹೊಸತನ್ನು ಹುಡುಕಿ ಹೊರಟವರೇನಲ್ಲ. ಮಧ್ಯಯುಗವನ್ನು ದಾಟಿ ಮೊದಲ ಶತಮಾನಗಳಿಗೆ ಹೋಗಬೇಕೆಂಬ ಹಟ ಅವರದು. ವಿಶ್ವಾಸಿಗಳ ಪ್ರಾರ್ಥನೆ, ಜನರು ಒಬ್ಬರಿಗೊಬ್ಬರು ಶಾಂತಿ ಹೇಳುವುದು, ದ್ರಾಕ್ಷಾರಸದ ಪಾತ್ರೆ ಜನರಿಗೂ ಸಿಗುವುದು, ಇವೆಲ್ಲ ಹಿಂದೆ ಇದ್ದು ಬಿಟ್ಟುಹೋಗಿದ್ದವು. ಹಳೆಯ ಗ್ರಂಥದಲ್ಲಿ ವರ್ಷ ವರ್ಷವೂ ಭಾನುವಾರಕ್ಕೆ ಅವೇ ವಾಚನಗಳು; ಹಳೆಯ ಒಡಂಬಡಿಕೆಯಂತೂ ಭಾನುವಾರ ಕಿವಿಗೆ ಬೀಳುತ್ತಲೇ ಇರಲಿಲ್ಲ ಎನ್ನಬಹುದು. 1969ರ ಸುಧಾರಣೆಯಲ್ಲಿ ಅದು ಮೂರು ವರ್ಷಗಳ ಸುತ್ತಾಯಿತು. ಪ್ರವಾದಿಗಳೂ ಆದಿಕಾಂಡವೂ ಜನರಿಗೆ ಸಿಕ್ಕವು. ಬೇರೇನೂ ಆಗದಿದ್ದರೂ ಇದೊಂದಕ್ಕೇ ನಾನು ಸುಧಾರಣೆಯ ಪರ. ಹಾಗೆಂದು ಸುಧಾರಕರೂ ಎಡವದೇ ಇರಲಿಲ್ಲ. ಹೊಸ ಪೂಜೆಯ ಎರಡನೇ ಕೃತಜ್ಞತಾ ಪ್ರಾರ್ಥನೆಗೆ (ನಡುಭಾಗದ ಮಹಾಪ್ರಾರ್ಥನೆಯ ಒಂದು ರೂಪ) ಮೂರನೇ ಶತಮಾನದ ರೋಮಿನ ಧರ್ಮಲೇಖಕ ಹಿಪ್ಪೊಲಿಟಸ್‌ನದೆಂದು ನಂಬಿದ್ದ ಪಠ್ಯವನ್ನು ಮಾದರಿಯಾಗಿಟ್ಟುಕೊಂಡರು. ಆ ಪಠ್ಯ ಅವನದೂ ಅಲ್ಲ, ರೋಮಿನದೂ ಅಲ್ಲದಿರಬಹುದು ಎನ್ನುವ ವಿದ್ವಾಂಸರು ಈಗ ಬಹಳ ಮಂದಿ.

ಹಳೆಯದು, ಹೊಸದು ಎಂಬ ಹಣೆಪಟ್ಟಿ ಎಷ್ಟು ಬೇಗ ಅದಲುಬದಲಾಗುತ್ತದೆಂದು ನೋಡಬೇಕಾದರೆ ಪಕ್ಕದ ಕೇರಳಕ್ಕೆ ಹೋಗಿ. ಅರ್ಪಣೆಯ ಭಾಗದಲ್ಲಿ ಗುರುಗಳು ಪೀಠದ ಕಡೆಗೇ ಮುಖ ಮಾಡಬೇಕೆಂದು 2021ರಲ್ಲಿ ಅಲ್ಲಿನ ಪೌರಸ್ತ್ಯ ಕಥೋಲಿಕ ಸಭೆಯಾದ ಸೀರೋ ಮಲಬಾರ್‌ನ ಸಿನೊಡ್ (ಧರ್ಮಾಧ್ಯಕ್ಷರ ಸಭೆ) ಹೇಳಿತು. ಎರ್ನಾಕುಲಂನ ಬಹುಪಾಲು ಗುರುಗಳೂ ಜನರೂ ಒಪ್ಪಲಿಲ್ಲ. ಅರ್ಧ ಶತಮಾನದಿಂದ ಜನಾಭಿಮುಖ ಪೂಜೆ ಕಂಡವರಿಗೆ ಅದೇ ಪರಂಪರೆ! ಜಗಳ ಬೀದಿಗೆ ಬಂದು, 2022ರಲ್ಲಿ ಅಲ್ಲಿನ ಬೆಸಿಲಿಕಾದ ಬಾಗಿಲೇ ಮುಚ್ಚಿತು. 

ಆರತಿಯ ಮಾತು. ಅದು ಬೆಂಗಳೂರಿನವರ ಸ್ವಂತ ಸಾಹಸವೆಂಬುದು ಸರಿಯಲ್ಲ. ಆರತಿ, ಅಂಜಲಿ, ಎಣ್ಣೆದೀಪ, ನೆಲದ ಮೇಲೆ ಕೂರುವುದು ಮುಂತಾದ ಹನ್ನೆರಡು ಅಂಶಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತ್ತು. ಫಾದರ್ ಡಿ.ಎಸ್. ಅಮಲೋರ್‌ಪವದಾಸ್ ಮುನ್ನಡೆಸುತ್ತಿದ್ದ ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಪೂಜಾವಿಧಿ ಕೇಂದ್ರ ಅವುಗಳನ್ನು ನಡೆಸಿ ತೋರಿಸಿತು. 'ಇದು ಹಿಂದೂ ಆಯಿತು' ಎಂಬ ನಿಮ್ಮ ಆಕ್ಷೇಪಕ್ಕಿಂತ ದಲಿತ ಕ್ರೈಸ್ತ ಚಿಂತಕರು ಎತ್ತಿದ ಆಕ್ಷೇಪ ನನಗೆ ತೂಕದ್ದೆನಿಸುತ್ತದೆ: ಭಾರತೀಯತೆ ಎಂದರೆ ಮೇಲ್ಜಾತಿಯವರ ಆಚರಣೆ ಮಾತ್ರವೇ? ಇದಕ್ಕೆ ಸುಧಾರಕರ ಕಡೆಯಿಂದ ತೃಪ್ತಿಯಾಗುವ ಉತ್ತರ ನಾನಿನ್ನೂ ಕೇಳಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. 2007ರಲ್ಲಿ ಹದಿನಾರನೇ ಬೆನೆಡಿಕ್ಟ್ 1962ರ ಗ್ರಂಥಕ್ಕೆ ಬಾಗಿಲು ಅಗಲಿಸಿದರು. 2021ರ ಜುಲೈ 16ರಂದು ಪೋಪ್ ಫ್ರಾನ್ಸಿಸ್ ಅದನ್ನು ಮತ್ತೆ ಕಿರಿದು ಮಾಡಿದರು. ಆ ನಿಯಮದಂತೆ ನಿಮ್ಮ ಧರ್ಮಾಧ್ಯಕ್ಷರಿಗೇ ಅರ್ಜಿ ಹಾಕಬೇಕು, ಸಿಗುವುದು ಸುಲಭವಲ್ಲ. ಆದರೆ ಈಗಿನ ಪೂಜೆಯನ್ನೇ ಲ್ಯಾಟಿನ್ನಿನಲ್ಲಿ ನಡೆಸಲು ಧರ್ಮಸಭೆಯ ಕಾನೂನಿನ 928ನೇ ವಿಧಿಯಲ್ಲೇ ಅವಕಾಶವಿದೆ. ನಿಮ್ಮ ಧರ್ಮಕೇಂದ್ರದ ಗುರುಗಳನ್ನೂ ಗಾಯನವೃಂದದವರನ್ನೂ ಕಂಡು, ತಿಂಗಳಿಗೊಂದು ಭಾನುವಾರವಾದರೂ ಪೂಜೆಯ ಹಾಡುಗಳಾದ ಗ್ರೀಕಿನ ಕೀರಿಯೆಯನ್ನೂ ಲ್ಯಾಟಿನ್ನಿನ ಗ್ಲೋರಿಯಾವನ್ನೂ ಹಾಡಿಸಿ ಎಂದು ಕೇಳಿ. ರಾಗ ಬಲ್ಲ ನಿಮ್ಮಂಥ ಹಿರಿಯರು ಇರುವಾಗಲೇ ಹುಡುಗರಿಗೆ ಕಲಿಸಬೇಕಲ್ಲ.

– ಸಂ.