1920ರ ಆಸುಪಾಸಿನ ಕಾರನ್ನು ಈಗಲೂ ಓಡಿಸಬಹುದಾ?
ಫೋರ್ಡ್ ಮಾಡೆಲ್ ಟಿ ಥರದ ಕಾರು ಕೊಂಡರೆ ಓಡಿಸೋಕೆ ಆಗುತ್ತಾ, ಇಲ್ಲ ಸುಮ್ನೆ ಶೆಡ್ಡಿನಲ್ಲಿಟ್ಟು ನೋಡ್ತಿರಬೇಕಾ ಅಂತ ಕೇಳಿದ್ದೀರಿ. ನಾನು ಓಡಿಸುತ್ತೇನೆ, ನೀವೂ ಓಡಿಸಬಹುದು. ದಿನಾ ಕೆಲಸಕ್ಕೆ ಹೋಗಿಬರೋಕೆ ಮಾತ್ರ ಬೇಡ.

ನಿಜವಾದ ತೊಂದರೆ ಬ್ರೇಕಿನದು. ಮುಂದಿನ ಚಕ್ರಗಳಿಗೆ ಬ್ರೇಕೇ ಇಲ್ಲ. ಪೆಡಲ್ ಒತ್ತಿದರೆ ಗೇರ್‌ಬಾಕ್ಸ್ ಒಳಗಿನ ಡ್ರಮ್ ಸುತ್ತ ಒಂದು ಪಟ್ಟಿ ಬಿಗಿಯಾಗುತ್ತದೆ, ಅಷ್ಟೇ. ಗಾಡಿ ಗಂಟೆಗೆ 65 ಕಿ.ಮೀ. ಮುಟ್ಟುತ್ತದೆ, ನಾನು 50 ದಾಟಿಸುವುದಿಲ್ಲ. ಹಿಂದಿನ ಚಕ್ರಗಳಿಗೆ ಹೆಚ್ಚುವರಿ ಬ್ರೇಕ್ ಹಾಕಿಸಿಕೊಂಡಿದ್ದೇನೆ. ಹಳೆಯದನ್ನು ಇದ್ದ ಹಾಗೇ ಉಳಿಸಬೇಕು ಅನ್ನೋರು ಬೈಯಬಹುದು, ಆದರೆ ಜೀವ ಮುಖ್ಯ ಅಲ್ವಾ?

ಪೆಡಲ್‌ಗಳೂ ಬೇರೆ ಥರ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಲೋ ಗೇರ್, ಅರ್ಧ ಒತ್ತಿದರೆ ನ್ಯೂಟ್ರಲ್, ಬಿಟ್ಟರೆ ಹೈ ಗೇರ್. ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ಅಕ್ಸಿಲರೇಟರ್ ಸ್ಟೀರಿಂಗ್ ಕೆಳಗಿನ ಒಂದು ಲಿವರ್. ಗಾಬರಿಯಲ್ಲಿ ಕ್ಲಚ್ ಅಂದುಕೊಂಡು ಎಡಗಾಲು ಜೋರಾಗಿ ಒತ್ತಿದರೆ ಗಾಡಿ ನಿಲ್ಲೋದಿಲ್ಲ, ಲೋ ಗೇರಿನಲ್ಲಿ ಮುಂದಕ್ಕೇ ಹೋಗುತ್ತದೆ!

ಎಂಜಿನ್ ಸ್ಟಾರ್ಟ್ ಮಾಡೋಕೆ ಗಾಡಿಯ ಮುಂದಿರುವ ಹ್ಯಾಂಡಲ್ ತಿರುಗಿಸುವ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಸ್ಪಾರ್ಕ್ ಲಿವರನ್ನು (ಎಂಜಿನ್ನಿನಲ್ಲಿ ಕಿಡಿ ಹೊತ್ತುವ ಸಮಯವನ್ನು ಹಿಂದೆಮುಂದೆ ಮಾಡುವ ಲಿವರ್) ಮೇಲಕ್ಕೆ ತಳ್ಳಿರಬೇಕು. ಮರೆತರೆ ಎಂಜಿನ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯಬಹುದು. ಹಾಗಾಗಿ ಹೆಬ್ಬೆರಳನ್ನು ಹಿಡಿಗೆ ಸುತ್ತಬಾರದು, ಬೇರೆ ಬೆರಳುಗಳ ಜೊತೆಗೇ ಇಟ್ಟು ಕೆಳಗಿಂದ ಮೇಲಕ್ಕೆ ಎಳೆಯಬೇಕು.

ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗಿದೆ, ಪಂಪ್ ಇಲ್ಲ, ಪೆಟ್ರೋಲ್ ತಾನಾಗೇ ಇಳಿದು ಎಂಜಿನ್ನಿಗೆ ಹೋಗಬೇಕು. ಪೆಟ್ರೋಲ್ ಕಮ್ಮಿಯಿದ್ದಾಗ ಕಡಿದಾದ ಏರು ಬಂದರೆ ರಿವರ್ಸ್‌ನಲ್ಲೇ ಹತ್ತಬೇಕು.

ಇಷ್ಟಾದರೂ ನನಗೆ ಈ ಗಾಡಿ ಮೇಲೆ ಪ್ರೀತಿ ಜಾಸ್ತಿ. ಸ್ಪಾರ್ಕ್ ಲಿವರ್ ನಿಧಾನಕ್ಕೆ ಕೆಳಗಿಳಿಸುತ್ತಿದ್ದ ಹಾಗೆ ಎಂಜಿನ್ನಿನ ಒರಟು ಸದ್ದು ಹದಕ್ಕೆ ಬರುತ್ತದೆ. ಈಗಿನ ಕಾರಿನಲ್ಲಿ ಕಂಪ್ಯೂಟರ್ ಮಾಡೋ ಕೆಲಸ ಇಲ್ಲಿ ನಿಮ್ಮ ಕಿವಿ, ಬೆರಳುಗಳದ್ದು. ಎಂಜಿನ್ ಬಿಸಿಯಿದ್ದಾಗ ಒಮ್ಮೊಮ್ಮೆ ಸ್ವಿಚ್ ಹಾಕಿದ ಕೂಡಲೇ ಕಿಡಿ ಹೊತ್ತಿಸುವ ಕಾಯಿಲ್‌ಗಳು ಗುಂಯ್ ಅಂದು, ಹ್ಯಾಂಡಲ್ ಮುಟ್ಟದೇ ಸ್ಟಾರ್ಟ್ ಆಗಿಬಿಡುತ್ತದೆ. ಆ ಖುಷಿ ಎಷ್ಟು ಸಲ ಆದರೂ ಹಳತಾಗಿಲ್ಲ.

ಕೊಳ್ಳುವುದಾದರೆ ಮೊದಲು ಮಾಡೆಲ್ ಟಿ ಗಾಡಿಯನ್ನೇ ಹುಡುಕಿ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದವು, ಬಿಡಿಭಾಗಗಳನ್ನು ಇವತ್ತಿಗೂ ಹೊಸದಾಗಿ ಮಾಡುತ್ತಾರೆ. ಅಪರೂಪದ ಬೇರೆ ಗಾಡಿಗಳಿಗೆ ಒಂದೊಂದು ಭಾಗವನ್ನೂ ಲೇತ್‌ನಲ್ಲಿ ಮಾಡಿಸಬೇಕಾದೀತು. ದುಡ್ಡು ಕೊಡುವ ಮೊದಲು ಖಾಲಿ ಮೈದಾನದಲ್ಲಿ ಒಂದು ದಿನ ಓಡಿಸಿ ನೋಡಿ.