ಎರಡು ಪಂಪ್ ಬದಲಿಸಿದರೂ ಮಾರಿಸ್ ಮೈನರ್ ನಿಲ್ಲುತ್ತಿದೆ, ಯಾಕೆ?

ಪ್ರಶ್ನೆ: ನಮ್ಮ ಅಜ್ಜ 1950ರ ದಶಕದಲ್ಲಿ ಕೊಂಡ ಮಾರಿಸ್ ಮೈನರ್ ಕಾರನ್ನು ಎರಡು ವರ್ಷ ಹಿಡಿದು ರಿಪೇರಿ ಮಾಡಿಸಿದೆ. ಬಾಡಿ ಪೂರ್ತಿ ಬಿಚ್ಚಿ ಪೇಂಟ್ ಹೊಡೆಸಿದ್ದೇನೆ. ವೈರಿಂಗ್ ಎಲ್ಲ ಹೊಸದು. ಬ್ಯಾಟರಿ ಚಾರ್ಜ್ ಮಾಡುವ ಹಳೆ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದೆ. ಈಗ ಟಿಳಕವಾಡಿಯಿಂದ ಹೊರಟರೆ ಮೂರನೇ ರೈಲ್ವೆ ಗೇಟ್ ದಾಟಿ ಉದ್ಯಮಬಾಗ ಮುಟ್ಟುವಷ್ಟರಲ್ಲಿ ಗಾಡಿ ಬಂದ್ ಬೀಳುತ್ತದೆ. ಪೆಟ್ರೋಲ್ ಪಂಪಿನ ಟಿಕ್ ಟಿಕ್ ಸದ್ದೂ ಇರುವುದಿಲ್ಲ. ಪಾನಾದಿಂದ ಮೆಲ್ಲಗೆ ತಟ್ಟಿದರೆ ಮತ್ತೆ ಶುರುವಾಗುತ್ತದೆ. ಪಂಪ್ ಹೋಗಿದೆ ಅಂದರು, ಬದಲಿಸಿದೆ. ಆಮೇಲೆ ಇನ್ನೊಂದು ತರಿಸಿದೆ. ಅದೂ ಹಾಗೇ. ಪಂಪಿನ ವೈರ್ ಬಿಚ್ಚಿ ಮೀಟರ್ ಇಟ್ಟರೆ 12.4 ವೋಲ್ಟ್ ಬರುತ್ತದೆ. ಈ ಕಾರಿನಲ್ಲಿ ಚೋರ್ಲಾ ಘಾಟ್ ದಾಟಿ ಗೋವಾಕ್ಕೆ ಹೋಗಬೇಕೆಂಬ ಆಸೆ. ಏನು ಮಾಡಲಿ ಸರ್?
– ಓದುಗರು, ಬೆಳಗಾವಿ

ಉತ್ತರ: ಮೊದಲು ಒಂದು ಮಾತು. ಮತ್ತೊಂದು ಹೊಸ ಪಂಪ್ ತರಬೇಡಿ. ಹಳೆಯದು, ಹೊಸದು, ಮತ್ತೊಂದು ಹೊಸದು, ಮೂರೂ ಒಂದೇ ರೀತಿ ನಿಂತವು ಅಂದರೆ ತಪ್ಪು ಪಂಪಿನ ಹೊರಗೆ ಇದೆ. ನನ್ನ ಅಂದಾಜಿನಲ್ಲಿ ಅದು ನಿಮ್ಮ ಚೆಂದದ ಹೊಸ ಪೇಂಟಿನ ಕೆಳಗೇ ಇದೆ.

ಈ ಕಾರಿಗೆ ಬರುವುದು ಎಸ್‌ಯು ಕಂಪನಿಯ ಕರೆಂಟ್ ಪಂಪ್. ಒಳಗೆ ಒಂದು ಕಾಯಿಲ್, ಒಂದು ಡಯಾಫ್ರಮ್ (ಬಾಗುವ ತೆಳು ಪೊರೆ), ಒಂದು ಸ್ಪ್ರಿಂಗ್, ಕರೆಂಟ್ ಕೂಡಿಸಿ ಬಿಡಿಸುವ ಒಂದು ಜೊತೆ ಪಾಯಿಂಟ್. ಕರೆಂಟ್ ಬಂದಾಗ ಕಾಯಿಲ್ ಡಯಾಫ್ರಮ್ಮನ್ನು ಎಳೆಯುತ್ತದೆ, ಪೆಟ್ರೋಲ್ ಒಳಗೆ ಬರುತ್ತದೆ. ಎಳೆತ ಮುಗಿದ ಕೂಡಲೇ ಪಾಯಿಂಟ್ ಬಿಡುತ್ತದೆ. ಸ್ಪ್ರಿಂಗ್ ಆ ಪೆಟ್ರೋಲನ್ನು ಕಾರ್ಬುರೇಟರಿಗೆ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ತಳ್ಳುತ್ತದೆ, ಪಾಯಿಂಟ್ ಮತ್ತೆ ಕೂಡುತ್ತದೆ. ಒಂದು ಟಿಕ್ ಅಂದರೆ ಒಂದು ಸುತ್ತು. ಕೀ ತಿರುಗಿಸಿದಾಗ ಪಟಪಟ ಬಡಿದು, ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಅದು ಸರಿಯಾದ ಲಕ್ಷಣ.

ತಟ್ಟಿದರೆ ಶುರುವಾಗುತ್ತದೆ ಅಂದಿರಿ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಪಾಯಿಂಟ್ ಕೊಳೆಯಾದಾಗ ತಟ್ಟಿದರೆ ಪಂಪ್ ಏಳುವುದು ನಿಜ. ಆದರೆ ತಟ್ಟಿದಾಗ ಅಲುಗುವುದು ಪಾಯಿಂಟ್ ಒಂದೇ ಅಲ್ಲ. ಪಂಪಿನ ಬೋಲ್ಟ್ ಅಲುಗುತ್ತದೆ, ಅರ್ಥಿಂಗ್ (ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಸ್ಕ್ರೂ ಅಲುಗುತ್ತದೆ, ವೈರಿನ ತುದಿಯೂ ಅಲುಗುತ್ತದೆ. ಯಾವುದು ಅಲುಗಿದ್ದಕ್ಕೆ ಪಂಪ್ ಎದ್ದಿತು ಅಂತ ಪಾನಾ ಹೇಳುವುದಿಲ್ಲ.

ಇನ್ನು ಆ 12.4 ವೋಲ್ಟ್. ನಳ ಬಂದ್ ಇದ್ದಾಗ ಪೈಪಿನಲ್ಲಿ ಪೂರ್ತಿ ಒತ್ತಡ ಇರುತ್ತದೆ ಅಲ್ವಾ? ಒಳಗೆ ಅರ್ಧ ಕಸ ಕಟ್ಟಿದ್ದರೂ ಗೊತ್ತಾಗುವುದಿಲ್ಲ. ನಳ ತಿರುಗಿಸಿದಾಗಲೇ ನೀರು ಸಣ್ಣಗೆ ಬರುವುದು ಕಾಣುತ್ತದೆ. ವೈರ್ ಬಿಚ್ಚಿ ಮೀಟರ್ ಇಟ್ಟರೆ ಅದು ಬಂದ್ ಮಾಡಿದ ನಳ. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ನಿಜ ತಿಳಿಯುತ್ತದೆ.

ಅದಕ್ಕೆ ನಾನು ಮಾಡುವ ಉಪಾಯ ಹೇಳುತ್ತೇನೆ. 21 ವ್ಯಾಟಿನ ಒಂದು ಬ್ರೇಕ್ ಲೈಟ್ ಬಲ್ಬ್, ಹೋಲ್ಡರ್, ಉದ್ದನೆಯ ಎರಡು ವೈರ್ ತೆಗೆದುಕೊಳ್ಳಿ. ಒಂದು ವೈರನ್ನು ಪಂಪಿನ ಟರ್ಮಿನಲ್ಲಿಗೆ, ಇನ್ನೊಂದನ್ನು ಪಂಪಿನ ಮೈಗೆ ಗಟ್ಟಿಯಾಗಿ ಕಟ್ಟಿ. ಪಂಪಿನ ವೈರ್ ಬಿಚ್ಚಬೇಡಿ, ಎರಡೂ ಜೊತೆಗೇ ಇರಲಿ. ಬಲ್ಬನ್ನು ಒಳಗೆ ಡ್ಯಾಶ್‌ಬೋರ್ಡ್ ಹತ್ತಿರ ತಂದು ಇಡಿ. ಇದನ್ನೆಲ್ಲ ಕೀ ಆಫ್ ಇದ್ದಾಗಲೇ ಮಾಡಿ. ಪೆಟ್ರೋಲ್ ಪಕ್ಕದಲ್ಲಿ ವೈರ್ ತಾಗಿಸಿ ಕಿಡಿ ನೋಡುವ ಚಟ ದಯವಿಟ್ಟು ಬೇಡ. ಹಾಗೇ ಉದ್ಯಮಬಾಗದ ಕಡೆ ಹೊರಡಿ. ಜೊತೆಗೆ ಒಬ್ಬರು ಕೂತು ಬಲ್ಬ್ ನೋಡುತ್ತಿರಲಿ.

ಗಾಡಿ ಸಾಯುವ ಹೊತ್ತಿಗೆ ಬಲ್ಬ್ ಪ್ರಖರವಾಗಿಯೇ ಉರಿಯುತ್ತಿದ್ದರೆ ನನ್ನ ಮಾತು ತಪ್ಪು, ಪಂಪೇ ಕಳ್ಳ. ಮಂಕಾದರೆ ಅಥವಾ ಆರಿದರೆ ಕೀ ಆಫ್ ಮಾಡಿ. ಪಂಪಿನ ಮೈಗೆ ಕಟ್ಟಿದ ತುದಿಯನ್ನು ಮಾತ್ರ ತೆಗೆದು ನೇರ ಬ್ಯಾಟರಿಯ ಅರ್ಥಿಂಗ್ ಟರ್ಮಿನಲ್ಲಿಗೆ ಹಾಕಿ ಮತ್ತೆ ಓಡಿಸಿ. ಈಗ ಪಂಪ್ ನಿಂತರೂ ಬಲ್ಬ್ ಜೋರಾಗಿ ಉರಿದರೆ ಸಪ್ಲೈ ಸರಿ ಇದೆ, ಅರ್ಥಿಂಗ್ ಕೆಟ್ಟಿದೆ. ಈಗಲೂ ಮಂಕಾದರೆ ಸಪ್ಲೈ ದಾರಿಯಲ್ಲಿ ತೊಂದರೆ. ಮೀಟರ್ ಇದ್ದರೆ ಇನ್ನೂ ಖಚಿತ. ಬಲ್ಬ್ ಪಂಪಿನ ಮೈಗೇ ಕಟ್ಟಿ ಉರಿಯುತ್ತಿರುವಾಗ ಬ್ಯಾಟರಿ ಅರ್ಥಿಂಗಿಗೂ ಪಂಪಿನ ಮೈಗೂ ನಡುವೆ ಅಳೆಯಿರಿ. ಹೆಚ್ಚುಕಡಿಮೆ ಸೊನ್ನೆ ಬರಬೇಕು. ಅರ್ಧ ವೋಲ್ಟ್ ಬಂದರೂ ಅದು ರೋಗವೇ.

ಅರ್ಥಿಂಗ್ ಮೇಲೇ ನನಗೆ ಅನುಮಾನ ಜಾಸ್ತಿ. ಒಮ್ಮೆ ಇಂಥದೇ ಗಾಡಿಯ ಪಂಪಿನ ಬೋಲ್ಟ್ ಬಿಚ್ಚಿ ನೋಡಿದ್ದೆ. ಬ್ರಾಕೆಟ್ಟಿನ ಹಿಂದೆ ಬೂದು ಪ್ರೈಮರ್, ಅದರ ಮೇಲೆ ಎರಡು ಕೋಟ್ ಪೇಂಟ್. ಸ್ಪ್ರಿಂಗ್ ವಾಷರಿನ ತುದಿ ಪೇಂಟನ್ನು ಗೀರಿದ ಜಾಗದಲ್ಲಿ ಮಾತ್ರ ಉಗುರಿನ ಚೂರಿನಷ್ಟು ತಗಡು ಹೊಳೆಯುತ್ತಿತ್ತು. ಅದರ ಸುತ್ತ ಕಪ್ಪು ಕಲೆ. ಇಡೀ ಪಂಪಿನ ಕರೆಂಟ್ ಆ ಗೀರಿನಿಂದಲೇ ವಾಪಸ್ ಹೋಗುತ್ತಿತ್ತು! ತಣ್ಣಗಿದ್ದಾಗ ಹೇಗೋ ನಡೆಯುತ್ತದೆ. ಎಂಜಿನ್ ರೂಮ್ ಕಾದು, ಗಾಡಿ ನಡುಗಿದಂತೆ ಆ ಸಂಪರ್ಕ ಬಿಡುತ್ತದೆ. ನಿಮ್ಮ ಗಾಡಿ ಉದ್ಯಮಬಾಗ ಮುಟ್ಟುವಷ್ಟರಲ್ಲಿ ನಿಲ್ಲುವುದು ಅದಕ್ಕೆ ಸರಿಯಾಗಿ ಕೂಡುತ್ತದೆ.

ಪರಿಹಾರ ಸಣ್ಣದು. ಪಂಪಿನ ಮೈಮೇಲೆ ಅರ್ಥಿಂಗಿಗೆ ಅಂತಲೇ ಒಂದು ಸ್ಕ್ರೂ ಇದೆ. ಅಲ್ಲಿಂದ 1.5 ಚದರ ಮಿ.ಮೀ. ದಪ್ಪದ ಕಪ್ಪು ವೈರನ್ನು ಬ್ಯಾಟರಿಯ ಅರ್ಥಿಂಗ್ ಪಟ್ಟಿ ಬಾಡಿಗೆ ಸೇರುವ ಬೋಲ್ಟಿಗೆ ಎಳೆಯಿರಿ. ಆ ಬೋಲ್ಟಿನ ಕೆಳಗೂ ಎಮರಿ ಪೇಪರಿನಿಂದ ತಗಡು ಹೊಳೆಯುವವರೆಗೆ ತಿಕ್ಕಿ. ಬಿಗಿ ಮಾಡಿದ ಮೇಲೆ ಮೇಲಿಂದ ವ್ಯಾಸಲೀನ್ ಹಚ್ಚಿ, ಜಂಗು ಹಿಡಿಯುವುದಿಲ್ಲ. ಎರಡು ವರ್ಷ ಮುದ್ದಿನಿಂದ ಮಾಡಿಸಿದ ಪೇಂಟ್ ಕೆರೆಯಲು ಕೈ ಬರುವುದಿಲ್ಲ, ಗೊತ್ತು. ಆದರೂ ಕೆರೆಯಿರಿ. ವಾಷರಿನ ಅಡಿಯ ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಸಪ್ಲೈ ಕಡೆ ತೊಂದರೆ ಕಂಡರೆ ಬಿಳಿ ವೈರ್ ಹಿಡಿದು ಹಿಂದಕ್ಕೆ ಹೋಗಿ. ಮೂಲ ವೈರಿಂಗಿನಲ್ಲಿ ಬಿಳಿ ಅಂದರೆ ಇಗ್ನಿಷನ್ ಸ್ವಿಚ್‌ನಿಂದ ಬಂದ, ಫ್ಯೂಸ್ ಇಲ್ಲದ ಸಪ್ಲೈ. ಫ್ಯೂಸ್ ದಾಟಿದ್ದು ಹಸಿರು. ಪಂಪಿಗೆ ಹೋಗುವ ಬಿಳಿ ವೈರ್ ಫ್ಯೂಸ್ ಬಾಕ್ಸಿನ ಎ3 ಟರ್ಮಿನಲ್ಲಿನಿಂದ ಹೊರಡುತ್ತದೆ. ಅಲ್ಲಿ ಹಸಿರು ಪಾಚಿಯಂಥ ತುಕ್ಕು ಇದೆಯಾ, ಸ್ಕ್ರೂ ಸಡಿಲವಾ ನೋಡಿ. ಆಮೇಲೆ ಸ್ವಿಚ್. ಹೊಸ ವೈರಿಂಗ್ ಮಾಡಿದವರು ಬೇರೆ ಬಣ್ಣ ಹಾಕಿದ್ದರೆ ವೈರನ್ನು ಕೈಯಲ್ಲಿ ಹಿಡಿದೇ ಹುಡುಕಬೇಕು. ಪಂಪಿನ ಲೈನಿಗೆ ಫ್ಯೂಸ್ ಇಲ್ಲದಿದ್ದರೆ ಒಂದು ಸಣ್ಣ ಇನ್‌ಲೈನ್ ಫ್ಯೂಸ್ ಹಾಕಿಸಿ.

ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಈ ಪಂಪ್ ಎಳೆಯುವುದು ಕೆಲವೇ ಆಂಪಿಯರ್. ರಿಲೇ ಹಾಕಿದರೆ ಕೆಟ್ಟ ಅರ್ಥಿಂಗ್ ಹಾಗೇ ಉಳಿಯುತ್ತದೆ, ಕೈಕೊಡುವ ನಾಲ್ಕು ಜಾಯಿಂಟ್ ಹೆಚ್ಚಾಗುತ್ತವೆ.

ಆಲ್ಟರ್ನೇಟರ್ ವಿಷಯ ಮರೆಯಬೇಡಿ. ಮಾರಿಸ್ ಮೈನರ್ ಮೂಲತಃ ಪಾಸಿಟಿವ್ ಅರ್ಥಿಂಗ್ ಗಾಡಿ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಆಲ್ಟರ್ನೇಟರ್ ಹಾಕಿದಾಗ ಅದು ನೆಗೆಟಿವ್ ಆಗಿರಬೇಕು. ಬರೀ ಪಾಯಿಂಟ್ ಇರುವ ಹಳೆ ಪಂಪಿಗೆ ಹೇಗಿದ್ದರೂ ನಡೆಯುತ್ತದೆ. ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ಅಥವಾ ಎಲೆಕ್ಟ್ರಾನಿಕ್ ಹೊಸ ಪಂಪಿಗೆ ನಡೆಯುವುದಿಲ್ಲ, ಉಲ್ಟಾ ಕೊಟ್ಟರೆ ಸುಟ್ಟೇ ಹೋಗಬಹುದು. ಹೊಸ ಪಂಪಿನ ಮೇಲಿನ ಗುರುತು ಇವತ್ತೇ ನೋಡಿ.

ಘಾಟಿನಲ್ಲಿ ಬೇಸಿಗೆಗೆ ಪೆಟ್ರೋಲ್ ಆವಿಯಾಗಿ ಗಾಡಿ ನಿಂತರೆ ಅದನ್ನು ಇದರ ಜೊತೆ ಕಲಸಬೇಡಿ. ಆವಿ ಕಟ್ಟಿದ್ದರೆ ಪಂಪ್ ಗಡಬಡಿಸಿ ಬಡಿಯುತ್ತದೆ, ತಳ್ಳಲು ಪೆಟ್ರೋಲ್ ಸಿಗುವುದಿಲ್ಲ. ಕರೆಂಟ್ ಇಲ್ಲದಿದ್ದರೆ ಸದ್ದೇ ಇರುವುದಿಲ್ಲ. ಬಾನೆಟ್ ಎತ್ತುವ ಮೊದಲು ಕಿವಿ ಕೊಡಿ.

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿ ವಾರ ನಿಂತರೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಗುಜರಿಯಲ್ಲಿ ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಕಾರಿನ ಪೆಟ್ರೋಲ್ ಪಂಪ್ ಸಿಕ್ಕಿದೆ. ಹಾಕಿಸಲೇ?
– ಓದುಗರು, ವಿಜಯಪುರ

ಉತ್ತರ: ಬೇಡವೇ ಬೇಡ. ಇಂಜೆಕ್ಷನ್ ಪಂಪ್ ಸುಮಾರು 3 ಬಾರ್, ಅಂದರೆ 40 ಪಿಎಸ್‌ಐಗೂ ಜಾಸ್ತಿ ಒತ್ತಡ ಕೊಡುತ್ತದೆ. ಕಾರ್ಬುರೇಟರಿಗೆ ಬೇಕಾದ್ದು ಎರಡು ಮೂರು ಪಿಎಸ್‌ಐ ಅಷ್ಟೇ. ಕಾರ್ಬುರೇಟರಿಗೆ ಪೆಟ್ರೋಲ್ ಬರುವುದನ್ನು ನಿಲ್ಲಿಸುವ ನೀಡಲ್ ವಾಲ್ವ್ ತಡೆಯದೆ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಚೆಲ್ಲುತ್ತದೆ. ಬೆಂಕಿ ಹೊತ್ತಲು ಅಷ್ಟು ಸಾಕು. ನಿಮ್ಮ ಗಾಡಿಯ ಪಂಪ್ ಎಂಜಿನ್ ತಿರುಗಿದರೆ ಮಾತ್ರ ನಡೆಯುವಂಥದ್ದು. ವಾರ ನಿಂತಾಗ ಕಾರ್ಬುರೇಟರಿನ ಪೆಟ್ರೋಲ್ ಆರಿಹೋಗಿ, ಅದು ತುಂಬುವವರೆಗೆ ಸೆಲ್ಫ್ ಹೊಡೆಯಲೇಬೇಕು. ಹತ್ತಿಪ್ಪತ್ತು ಸೆಕೆಂಡಿಗೂ ಏಳದಿದ್ದರೆ ಡಿಪ್‌ಸ್ಟಿಕ್ ತೆಗೆದು ಮೂಸಿ. ಆಯಿಲಿಗೆ ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಮ್ ಹರಿದಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಗಾಡಿ ಓಡಿಸದೆ ಮೊದಲು ಡಯಾಫ್ರಮ್, ಆಮೇಲೆ ಎಂಜಿನ್ ಆಯಿಲ್, ಎರಡನ್ನೂ ಬದಲಿಸಿ.