ಲಿಥುವೇನಿಯದ ಲೇಖನ ಕಳುಹಿಸಿದವರಿಗೆ

ಮಾನ್ಯರೇ,

ತ್ಸಾರ್ ಆಳ್ವಿಕೆಯ ರಷ್ಯಾ ಲಿಥುವೇನಿಯನ್ ಭಾಷೆಯನ್ನು ನಲವತ್ತು ವರ್ಷ ಹತ್ತಿಕ್ಕಿದ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಮನಸ್ಸಿಗೆ ಹಿಡಿಸಿತು. ಆದರೆ ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ಆ ಭಾಷೆಯನ್ನೇ ನಿಷೇಧಿಸಲಾಯಿತೆಂದು ಮೊದಲ ಸಾಲಿನಲ್ಲೇ ಬರೆದಿದ್ದೀರಿ. ಅದು ತಪ್ಪು, ಮತ್ತು ಆ ತಪ್ಪಿನಿಂದ ಇಡೀ ಲೇಖನ ದಾರಿ ಬಿಟ್ಟಿದೆ. ರಷ್ಯಾದ ಆಳ್ವಿಕೆಯ ವಿರುದ್ಧ ಪೋಲೆಂಡ್ ಮತ್ತು ಲಿಥುವೇನಿಯಗಳಲ್ಲಿ ಎದ್ದ 1863ರ ಬಂಡಾಯವನ್ನು ಅಡಗಿಸಿದ ಮೇಲೆ, 1864ರಿಂದ ಆಡಳಿತ ತಡೆದದ್ದು ಲ್ಯಾಟಿನ್ ಲಿಪಿಯ ಲಿಥುವೇನಿಯನ್ ಮುದ್ರಣವನ್ನು. ಅದೇ ಭಾಷೆಯ ಪುಸ್ತಕಗಳನ್ನು ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲಿ ಸರ್ಕಾರವೇ ಅಚ್ಚು ಹಾಕಿಸಿತು. ಭಾಷೆಯನ್ನು ಮುಟ್ಟದವರಂತೆ ತೋರಿಸಿಕೊಂಡು, ಕ್ಯಾಥೊಲಿಕ್ ರೈತನ ಪ್ರಾರ್ಥನಾ ಪುಸ್ತಕವನ್ನೂ ಅವನ ಮಗುವಿನ ಅಕ್ಷರಮಾಲೆಯನ್ನೂ ರಷ್ಯನ್ನರ ಕಡೆಗೆ ತಿರುಗಿಸುವ ಈ ಹವಣಿಕೆಯೇ ನಿಮ್ಮ ಲೇಖನದ ಜೀವಾಳವಾಗಬೇಕಿತ್ತು.

ತಲೆಮಾರುಗಳಿಂದ ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುತ್ತಾ ಬಂದ ಮಂಗಳೂರಿನ ಓದುಗರೊಬ್ಬರು, ಲಿಪಿ ಬದಲಾದರೆ ಭಾಷೆಗೇನು ಕೇಡು ಎಂದು ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಜನ ತಾವಾಗಿ ಒಗ್ಗಿಸಿಕೊಂಡ ಲಿಪಿಗೂ ಪೊಲೀಸರನ್ನು ಮುಂದಿಟ್ಟುಕೊಂಡು ಹೇರಿದ ಲಿಪಿಗೂ ಇರುವ ಅಂತರವನ್ನು ಬಿಡಿಸಿ ಬರೆಯಿರಿ. ಸರ್ಕಾರದ ಆ ಪುಸ್ತಕಗಳನ್ನು ಹಳ್ಳಿಗರು ಬಹುಮಟ್ಟಿಗೆ ತಿರಸ್ಕರಿಸಿದರೆಂಬ ಸಂಗತಿ ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ.

ಇನ್ನು ವಿಶೇಷಣಗಳು. 'ಕ್ರೂರ', 'ಅಮಾನುಷ', 'ರಾಕ್ಷಸೀ' ಎಂಬ ಪದಗಳು ಒಂದೇ ಪುಟದಲ್ಲಿ ಏಳು ಸಲ ಬಂದಿವೆ. ಪುಸ್ತಕ ಹೊತ್ತವರಿಗೆ ಮಾತ್ರ ಎರಡೇ ವಾಕ್ಯ. ಗಡಿಯಾಚೆ, ಜರ್ಮನ್ನರ ಪ್ರಷ್ಯ ರಾಜ್ಯದ ಟಿಲ್ಸಿಟ್‌ನಂಥ ಊರುಗಳಲ್ಲಿ ಅಚ್ಚಾದ ಪುಸ್ತಕಗಳನ್ನು ಕದ್ದು ತರುತ್ತಿದ್ದವನನ್ನು ಜನ 'ಕ್ನಿಗ್ನೆಶೀಸ್', ಅಂದರೆ ಪುಸ್ತಕ ಹೊರುವವನು, ಎಂದು ಕರೆದರು. ಲಿಥುವೇನಿಯದ ಕ್ಯಾಥೊಲಿಕ್ ಬಿಷಪ್ ವಲಾನ್ಚುಸ್ ಈ ಮುದ್ರಣಕ್ಕೆ ಏರ್ಪಾಡು ಮಾಡಿದರು. ಪುಸ್ತಕ ಹೊರುವವರಲ್ಲೊಬ್ಬರಾದ ಯುರ್ಗಿಸ್ ಬಿಯೆಲಿನಿಸ್ ದಶಕಗಳ ಕಾಲ ಹೊರೆ ಸಾಗಿಸಿದರು. ಸಿಕ್ಕಿಬಿದ್ದ ಕೆಲವರು ಸೈಬೀರಿಯಾದ ಪಾಲಾದರು. ಪೊಲೀಸರ ಕಣ್ಣು ತಪ್ಪಿಸಲು ಕೆಲವು ಪ್ರಾರ್ಥನಾ ಪುಸ್ತಕಗಳ ಮೊದಲ ಪುಟದಲ್ಲಿ ನಿಷೇಧಕ್ಕೆ ಮುಂಚಿನ ಇಸವಿಯನ್ನೇ ಅಚ್ಚು ಮಾಡುತ್ತಿದ್ದರು. ಆ ಸುಳ್ಳು ಇಸವಿಯ ಪುಟವನ್ನು ಓದುಗರ ಕೈಗಿಡಿ. ನೂಲುವ ರಾಟೆಯ ಪಕ್ಕದಲ್ಲಿ ಮಗುವನ್ನು ಕೂರಿಸಿಕೊಂಡು, ದಾರ ಎಳೆಯುತ್ತಲೇ ಅಕ್ಷರ ಕಲಿಸಿದ ತಾಯಿಯನ್ನು ತೋರಿಸಿ. ನನಗೆ ಇವು ಬೇಕು. ಇವಿದ್ದರೆ ಆ ಏಳು ಪದಗಳಲ್ಲಿ ಒಂದೂ ಬೇಕಾಗುವುದಿಲ್ಲ.

1904ರಲ್ಲಿ ನಿಷೇಧ ತೆರವಾದದ್ದನ್ನು ತ್ಸಾರನ ಔದಾರ್ಯವೆಂದಿದ್ದೀರಿ. ಆಗ ರಷ್ಯಾ ಜಪಾನಿನೊಡನೆ ಯುದ್ಧದಲ್ಲಿತ್ತು, ನಿಷೇಧವೂ ಸೋತಿತ್ತು. ಇದನ್ನು ತಿದ್ದಲೇಬೇಕು.

ಕೊನೆಯಲ್ಲಿ ಕಾಸರಗೋಡನ್ನು ಅವಸರದಲ್ಲಿ ಸೇರಿಸಿದ್ದೀರಿ. 1956ರಲ್ಲಿ ಕೇರಳಕ್ಕೆ ಸೇರಿದ ಆ ಕನ್ನಡಿಗರ ಸಂಕಟದ ಬಗೆಯೇ ಬೇರೆ. ಅದನ್ನು ಅರ್ಧ ಪ್ಯಾರಾದಲ್ಲಿ ಮುಗಿಸಿದರೆ ಅವರಿಗೂ ಲಿಥುವೇನಿಯನ್ನರಿಗೂ ಅನ್ಯಾಯವಾಗುತ್ತದೆ. ಅದನ್ನು ತೆಗೆದು, ಮುಂದೆ ಪ್ರತ್ಯೇಕವಾಗಿ ಬರೆಯಿರಿ. ತಿದ್ದಿದ ಪ್ರತಿ ಬಂದ ಕೂಡಲೇ ನಾನೇ ಓದಿ ಉತ್ತರಿಸುತ್ತೇನೆ.

ಇಂತು,
ಸಂಪಾದಕ